ಮಾತ್ರೆ ಚಾಲು

ನೋವು ಮತ್ತು ಉರಿಯೂತ, ಇವೆರಡೂ ನನ್ನ ಅಂಗೈಯಲ್ಲಿವೆ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಚಿಂತಾಮಣಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಔಷಧಗಳ ಪಾಠ ಹೇಳುವುದು ನನ್ನ ಹೊಟ್ಟೆಪಾಡು. ಅದಕ್ಕೂ ಮೊದಲು ಹನ್ನೆರಡು ವರ್ಷ ವಾರ್ಡಿನಲ್ಲಿ ಗಂಡು ನರ್ಸ್ ಆಗಿದ್ದೆ. ರೋಗಿಗಳು 'ಬ್ರದರ್' ಎನ್ನುತ್ತಿದ್ದರು. ಕೆಲವು ಅಜ್ಜಿಯರು ಯಾವುದಕ್ಕೂ ಇರಲಿ ಎಂದು 'ಸಿಸ್ಟರಪ್ಪ' ಎಂದು ಕರೆಯುತ್ತಿದ್ದರು!

ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಹೊತ್ತು. ಈ ಐದನ್ನು ನನ್ನ ವಿದ್ಯಾರ್ಥಿನಿಯರು ನಿದ್ದೆಯಲ್ಲೂ ಒಪ್ಪಿಸುತ್ತಾರೆ. ಇವು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆಯವರ ಉದಾಹರಣೆಗಳನ್ನು ಕೊಟ್ಟು ಕೊಟ್ಟು ನನಗೆ ಒಂದು ಬಗೆಯ ಸಂತೋಷವೇ ಬಂದುಬಿಟ್ಟಿತ್ತು. ನಮ್ಮ ಬೀದಿಯಲ್ಲಿ ಯಾರಿಗೆ ಸೊಂಟ ಹಿಡಿದರೂ ಡಾಕ್ಟರ ಚೀಟಿ ಹಿಡಿದು ಮೊದಲು ನನ್ನ ಬಾಗಿಲಿಗೆ ಬರುತ್ತಿದ್ದರು. ನಾನು ಕನ್ನಡಕ ಏರಿಸಿ, ಚೀಟಿಯನ್ನು ಬೆಳಕಿಗೆ ಹಿಡಿದು, "ಹೂಂ" ಎನ್ನುತ್ತಿದ್ದೆ. ಆ 'ಹೂಂ'ಗೆ ಬಹಳ ಬೆಲೆಯಿತ್ತು.

ಹೀಗಿರುವಾಗ ನನ್ನ ಅಕ್ಕ ನಾರಾಯಣಮ್ಮನ ಬೆರಳು ಊದಿಕೊಂಡವು.

ಅಕ್ಕನನ್ನು ಕೊಟ್ಟಿರುವುದು ಮುರುಗಮಲ್ಲದಿಂದ ಒಳಕ್ಕೆ ಒಂದು ಹಳ್ಳಿಗೆ. ಅವಳದು ರೇಷ್ಮೆಹುಳುವಿನ ಮನೆ. ಹಿಪ್ಪುನೇರಳೆ ಸೊಪ್ಪು ಕೊಯ್ದು ತರಬೇಕು, ಹೆಚ್ಚಬೇಕು, ದಿನಕ್ಕೆ ನಾಲ್ಕು ಹೊತ್ತು ಹುಳುವಿಗೆ ಹಾಕಬೇಕು, ಕಸ ತೆಗೆಯಬೇಕು, ಹಣ್ಣಾದ ಹುಳುಗಳನ್ನು ಒಂದೊಂದಾಗಿ ಎತ್ತಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ಎಲ್ಲವೂ ಬೆರಳಿನ ಕೆಲಸ. ಆ ಬೆರಳುಗಳು ಬೆಳಗಾಗೆದ್ದರೆ ಮಡಚುತ್ತಿರಲಿಲ್ಲ. "ಲೋಟ ಹಿಡಿಯಕ್ಕೂ ಎರಡು ಕೈ ಬೇಕಪ್ಪ. ಸೊಪ್ಪಿನ ಕತ್ತಿ ಹೆಂಗ್ ಹಿಡೀಲಿ?" ಎಂದಳು. ಅವಳು ಕೇಳಿದ್ದು ಅಷ್ಟೇ, ಕತ್ತಿ ಹಿಡಿಯುವ ಕೈ.

ಚಿಕ್ಕಬಳ್ಳಾಪುರದಲ್ಲಿ ಕೀಲುಗಳ ಡಾಕ್ಟರರೊಬ್ಬರಿಗೆ ತೋರಿಸಿದೆ. ಅವರು ರಕ್ತ ಪರೀಕ್ಷೆ ಮಾಡಿಸಿ, ಇದು ಕೀಲುವಾತ, ಬೇಗ ಹಿಡಿದರೆ ಕೈ ಉಳಿಯುತ್ತದೆ ಎಂದು ಮೂರು ಮಾತ್ರೆ ಬರೆದರು. ಉರಿಯೂತ ತಗ್ಗಿಸಲು ಬಿಳಿಯದೊಂದು, ಅದು ಸ್ಟೆರಾಯ್ಡ್. ನೋವಿಗೆ ಕಿತ್ತಳೆ ಬಣ್ಣದ್ದೊಂದು. ಇವೆರಡರ ಕಾಟದಿಂದ ಹೊಟ್ಟೆಯನ್ನು ಕಾಯಲು ಇನ್ನೊಂದು. "ಬಿಳಿ ಮಾತ್ರೆ ಹೇಗೆ ತಗೋಬೇಕು ಅಂತ ನಮ್ಮ ಸಿಸ್ಟರ್ ವಿವರವಾಗಿ ಹೇಳ್ತಾರೆ, ಐದು ನಿಮಿಷ ಕೂತಿರಿ" ಎಂದರು ಡಾಕ್ಟರು.

ನಾನು ನಕ್ಕೆ. ವಿನಯದಿಂದ, ಆದರೆ ಎಲ್ಲರಿಗೂ ಕಾಣುವ ಹಾಗೆ ನಕ್ಕೆ.

"ಸಾರ್, ಅದು ನನ್ನ ಸಬ್ಜೆಕ್ಟು. ನಾನೇ ಹೇಳ್ಕೊತೀನಿ ಬಿಡಿ."

ಮನೆಗೆ ಬಂದು ಬಿಳಿ ರಟ್ಟಿನ ಮೇಲೆ ಸ್ಕೇಲು ಹಿಡಿದು ಗೆರೆ ಎಳೆದು, ದಪ್ಪ ಅಕ್ಷರಗಳಲ್ಲಿ ಒಂದು ಚೀಟಿ ತಯಾರಿಸಿದೆ. ಚೀಟಿ ಎನ್ನುವುದಕ್ಕಿಂತ ಶಾಸನ ಎನ್ನಬಹುದು. ಮೇಲ್ಗಡೆ ಸೂರ್ಯ, ಕೆಳಗಡೆ ಚಂದ್ರ. ಬಿಳಿ ಮಾತ್ರೆಯ ಸಾಲು ಹೀಗಿತ್ತು: 'ತಿಂಡಿ ಆದ ಮೇಲೆ. ಮೊದಲ ತಿಂಗಳು ದಿನಕ್ಕೆ ಎರಡು. ಆಮೇಲೆ ಒಂದು. ಚಾಲು.' ಕಿತ್ತಳೆ ಮಾತ್ರೆಗೆ: 'ಐದು ದಿನ ಮಾತ್ರ. ಆಮೇಲೆ ನೋವು ತಡೆಯಲಾಗದಿದ್ದರೆ ಒಂದು.'

ಚಾಲು ಎಂದರೆ ನಡೆಯುತ್ತಿರಲಿ ಎಂದು. ವಾರ್ಡಿನಲ್ಲಿ ಪಾಳಿ ಬದಲಾಗುವಾಗ ನಾವು ಹಾಗೇ ಹೇಳುತ್ತಿದ್ದೆವು. 'ಏಳನೇ ಬೆಡ್ಡು, ಡ್ರಿಪ್ ಚಾಲು, ಇಂಜೆಕ್ಷನ್ ಚಾಲು.' ಸ್ಟೆರಾಯ್ಡನ್ನು ತಿಂಗಳುಗಟ್ಟಲೆ ತೆಗೆದುಕೊಂಡವರು ತಟಕ್ಕನೆ ನಿಲ್ಲಿಸಬಾರದು. ಹೊರಗಿನಿಂದ ಬರುತ್ತಿದೆಯಲ್ಲ ಎಂದು ಮೈ ತನ್ನ ಪಾಲಿನದನ್ನು ತಯಾರಿಸುವುದು ಬಿಟ್ಟು ಮಲಗಿರುತ್ತದೆ. ನಾವು ಏಕಾಏಕಿ ನಿಲ್ಲಿಸಿದರೆ ಒಳಗೂ ಇಲ್ಲ, ಹೊರಗೂ ಇಲ್ಲ. ಸುಸ್ತು, ತಲೆಸುತ್ತು, ರಕ್ತದೊತ್ತಡ ಇಳಿಯುವುದು, ಮನುಷ್ಯ ಕುಸಿದು ಬೀಳುವುದು, ಎಲ್ಲವೂ ಆಗಬಹುದು. ಸ್ವಲ್ಪ ಸ್ವಲ್ಪವಾಗಿ ಇಳಿಸಿ, ಡಾಕ್ಟರು ಹೇಳಿದಾಗಲೇ ಬಿಡಬೇಕು. ಇದನ್ನು ನಾನು ವರ್ಷಕ್ಕೆ ಎರಡು ಸಲ ಬೋರ್ಡಿನ ಮೇಲೆ ಕೆಂಪು ಬಳಪದಲ್ಲಿ ಬರೆಯುತ್ತೇನೆ. ಅಕ್ಕನಿಗೆ ಬಾಯಲ್ಲಿ ಹೇಳಿದೆನೇ? ಹೇಳಿದ ನೆನಪಿಲ್ಲ. ಬರೆದುಕೊಟ್ಟಿದ್ದೆನಲ್ಲ!

ನನ್ನ ಹೆಂಡತಿ ಸುಜಾತ ಒಂದು ಮಾತು ಹೇಳಿದಳು. "ಅತ್ತಿಗೇನ ಒಂದ್ಸಲ ವಾಪಸ್ ಹೇಳ್ಸಿ ರೀ. ಏನು ಅರ್ಥ ಆಯ್ತು ಅಂತ ಗೊತ್ತಾಗತ್ತೆ."

"ಅಕ್ಕನ್ನ ಏನು ಪರೀಕ್ಷೆ ಮಾಡೋದು? ಅವಮಾನ ಆಗಲ್ವಾ?" ಎಂದೆ.

ರೋಗಿಯ ಬಾಯಲ್ಲೇ ವಾಪಸ್ ಹೇಳಿಸಬೇಕು ಎನ್ನುವುದು ನನ್ನ ಪಾಠದ ಮೂರನೇ ಪುಟದಲ್ಲಿದೆ. ಸುಜಾತ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವಳು.

ಮೊದಲ ತಿಂಗಳು ಪವಾಡ ನಡೆಯಿತು. ಅಕ್ಕನ ಬೆರಳಿನ ಊತ ಇಳಿಯಿತು. ಅವಳು ಕತ್ತಿ ಹಿಡಿದಳು. ನನ್ನ ಭಾವ ಫೋನು ಮಾಡಿ, "ನಿನ್ನ ಚೀಟಿ ಗೋಡೆಗೆ ಅಂಟ್ಸಿದೀವಪ್ಪ, ದೇವ್ರ ಫೋಟೋ ಪಕ್ಕ" ಎಂದರು. ನಾನು ಆ ಇಡೀ ದಿನ ಸ್ವಲ್ಪ ಎತ್ತರವಾಗಿ ಓಡಾಡಿದೆ.

ಎರಡನೇ ತಿಂಗಳು ಮೂರನೇ ವಾರ, 'ಡಿಸ್ಚಾರ್ಜ್ ಆದ ರೋಗಿಯನ್ನು ಫೋನಿನಲ್ಲಿ ವಿಚಾರಿಸುವುದು ಹೇಗೆ' ಎಂಬ ಪಾಠವಿತ್ತು. ನನಗೊಂದು ಅಮೋಘವಾದ ಯೋಚನೆ ಬಂತು. ಕ್ಲಾಸಿನಲ್ಲೇ ಅಕ್ಕನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಮೇಜಿನ ಮೇಲಿಟ್ಟೆ. ಮೂವತ್ತೆರಡು ವಿದ್ಯಾರ್ಥಿನಿಯರು ಪೆನ್ನು ಹಿಡಿದು ಕೂತರು.

"ಅಕ್ಕ, ಜ್ವರ ಗಿರ ಏನಾದ್ರೂ ಇದೆಯಾ?"

"ಜ್ವರ ಎರಡು ಆಯ್ತಪ್ಪ, ನಿನ್ನೆಯಿಂದ ಮೂರನೇ ಜ್ವರಕ್ಕೆ ಕೂತವೆ. ಸೊಪ್ಪು ಮುಟ್ತಿಲ್ಲ. ತಲೆ ಮೇಲೆತ್ಕೊಂಡು ಹಂಗೇ ಬಿದ್ದಿವೆ."

ಮೂವತ್ತೆರಡು ಪೆನ್ನುಗಳು ಒಮ್ಮೆಗೇ ಓಡಿದವು. ಮೊದಲ ಬೆಂಚಿನ ಮೇಘನಾ ಎದ್ದು ನಿಂತಳು. ಗೌರಿಬಿದನೂರಿನ ಹುಡುಗಿ, ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಮಾಡುವವಳು. "ಸಾರ್, ಮೂರನೇ ಸಲ ಜ್ವರ, ಊಟ ಸೇರ್ತಿಲ್ಲ, ಕುತ್ತಿಗೆ ಸೆಟೆದಿದೆ. ತಕ್ಷಣ ಅಡ್ಮಿಟ್ ಮಾಡ್ಬೇಕಲ್ವಾ?"

"ಅದು ಹುಳು ಕಣಮ್ಮ!" ಎಂದು ಕೂಗಿದೆ. ರೇಷ್ಮೆಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ, ಅದು ನಾಲ್ಕು ಸಲ ಬರುತ್ತದೆ, ಅದಕ್ಕೆ ಮಾತ್ರೆ ಬೇಡ ಎಂದು ವಿವರಿಸುವಷ್ಟರಲ್ಲಿ ಕ್ಲಾಸು ನಗುವಿನಲ್ಲಿ ಮುಳುಗಿಹೋಗಿತ್ತು. ಆ ಗಲಾಟೆಯಲ್ಲೇ ಉಳಿದ ಪ್ರಶ್ನೆಗಳನ್ನು ಮುಗಿಸಿದೆ.

"ಮಾತ್ರೆ ಸರಿಯಾಗಿ ತಗೊಂಡ್ಯಾ ಅಕ್ಕ?"

"ನೀನು ಬರ್ದಂಗೇ ಮಾಡಿದೀನಿ. ಚಾಲು ಅಂದಿದ್ಯಲ್ಲ."

"ನೋವು ಹತ್ತರಲ್ಲಿ ಎಷ್ಟಿದೆ?"

"ಹೋದ ತಿಂಗಳು ಎಂಟಿತ್ತು. ಈಗ ಎರಡು."

ಫೋನು ಇಟ್ಟು, ಕ್ಲಾಸಿನ ಕಡೆ ತಿರುಗಿ, ಎರಡೂ ಕೈ ಚಾಚಿದೆ. "ನೋಡಿ! ಎಂಟರಿಂದ ಎರಡಕ್ಕೆ! ಹೇಳಿದ್ದನ್ನ ಹೇಳಿದ ಹಾಗೆ ಪಾಲಿಸೋ ರೋಗಿ, ಅರ್ಥ ಆಗೋ ಹಾಗೆ ಹೇಳೋ ನರ್ಸು. ಇವೆರಡು ಸೇರಿದ್ರೆ ನೋವು ಎಲ್ಲಿ ಉಳಿಯತ್ತೆ?"

ಎಲ್ಲಿ ಉಳಿಯುತ್ತದೆ ಎಂಬುದು ಎಂಟು ದಿನಕ್ಕೆ ಗೊತ್ತಾಯಿತು. ಹುಳು ನಾಲ್ಕನೇ ಜ್ವರ ಎದ್ದು ಸೊಪ್ಪಿಗೆ ಬಾಯಿ ಬಿಡುತ್ತಿದ್ದ ಮಧ್ಯಾಹ್ನ, ಅಕ್ಕ ಹುಳುಮನೆಯಲ್ಲಿ ಸೊಪ್ಪಿನ ಮಂಕರಿ ಹೊತ್ತವಳು ಹಾಗೇ ಕುಸಿದು ಬಿದ್ದಳು. ಭಾವ ಆಟೋದಲ್ಲಿ ಹಾಕಿಕೊಂಡು ಚಿಂತಾಮಣಿಯ ಆಸ್ಪತ್ರೆಗೆ ತಂದರು. ನಮ್ಮ ವಿದ್ಯಾರ್ಥಿನಿಯರಿಗೆ ಆಗ ಅಲ್ಲೇ ಡ್ಯೂಟಿ. ನಾನೂ ಸುಜಾತಳೂ ಓಡಿದೆವು.

ಅಕ್ಕ ಬಿಳಿಚಿಕೊಂಡು ಮಲಗಿದ್ದಳು. ಮಾತಾಡಲು ಶಕ್ತಿಯಿಲ್ಲ. ಡ್ಯೂಟಿ ಡಾಕ್ಟರು ಬಿಪಿ ನೋಡಿ ಹುಬ್ಬು ಗಂಟಿಕ್ಕಿ ಕೇಳಿದರು. "ಸ್ಟೆರಾಯ್ಡ್ ತಗೋತಿದ್ದಾರೆ ಅಂದ್ರಲ್ಲ, ಮಧ್ಯೆ ಏನಾದ್ರೂ ನಿಲ್ಲಿಸಿದ್ರಾ?"

"ಚಾನ್ಸೇ ಇಲ್ಲ ಸಾರ್. ನಾನೇ ನೋಡ್ಕೊತಿದ್ದೀನಿ. ಹೋದ ವಾರ ಕೂಡ ವಿಚಾರಿಸ್ದೆ" ಎಂದೆ.

ಅಷ್ಟು ಖಚಿತವಾಗಿ ಹೇಳಿದರೆ ಯಾವ ಡಾಕ್ಟರು ತಾನೇ ನಂಬುವುದಿಲ್ಲ? ಅವರು ಬೇರೆ ಕಾರಣ ಹುಡುಕಲು ಹೊರಟರು. ಡ್ರಿಪ್ ಹಾಕಿದರು, ಹೃದಯದ ಪರೀಕ್ಷೆ ಎಂದರು, ರಕ್ತ ತೆಗೆಸಿದರು. ನಾನು ತಲೆದಿಂಬಿನ ಹತ್ತಿರ ನಿಂತು ಜಾಣತನ ಮುಂದುವರಿಸಿದೆ.

"ಅಕ್ಕ, ಕೈನೋವು ಈಗ ಹತ್ತರಲ್ಲಿ ಎಷ್ಟು?"

"ಒಂದು" ಎಂದಳು ಸಣ್ಣ ದನಿಯಲ್ಲಿ.

"ನೋಡಿ, ನೋವು ಒಂದೇ ಇದೆ! ಒಳ್ಳೇದೇ ಆಯ್ತು" ಎಂದೆ ಭಾವನಿಗೆ.

ಅಕ್ಕ ಕಣ್ಣು ತೆರೆದಳು. "ಹತ್ತಕ್ಕೆ ಒಂದು ಬಂದ್ರೆ ಒಳ್ಳೇದೇನ್ರಾ? ಲೆಕ್ಕದಲ್ಲಿ ನಿನಗೆ ಬಂದಾಗ ಅಪ್ಪ ಬೆನ್ನು ಮುರಿದಿರ್ಲಿಲ್ವಾ?"

ನೋವು ಎಷ್ಟಿದೆ ಎಂದು ಕೇಳಿದ್ದೇನೆ ಎಂದು ನಾನು ತಿಳಿದಿದ್ದೆ. ಅಕ್ಕ ತನ್ನ ಕೈಗೆ ಮಾರ್ಕ್ಸು ಕೊಡುತ್ತಿದ್ದಳು! ಎಂಟು ಎಂದಾಗ ಪಾಸು, ಎರಡು ಎಂದಾಗ ಫೇಲು. ಕೈ ಕೆಟ್ಟುಹೋಗುತ್ತಿದೆ ಎಂದು ಅವಳು ಫೋನಿನಲ್ಲಿ ಹೇಳಿದಾಗ ನಾನು ಮೂವತ್ತೆರಡು ಜನರ ಮುಂದೆ ಕೈ ಚಾಚಿ ಹಿಗ್ಗಿದ್ದೆ. ನೋವು ಎಂದರೆ ಏನು ಎಂಬುದಕ್ಕೆ ನಮ್ಮಲ್ಲಿ ಒಂದೇ ವ್ಯಾಖ್ಯೆ, ರೋಗಿ ಏನು ಹೇಳುತ್ತಾನೋ ಅದೇ ನೋವು. ರೋಗಿ ಹೇಳಿದ್ದು ನನಗೆ ಕೇಳಿಸಬೇಕು ಎಂಬುದೊಂದು ಬಾಕಿ ಇತ್ತು.

ಅಷ್ಟರಲ್ಲಿ ಮೇಘನಾ ಬಂದಳು. ಅಕ್ಕನ ಮಾತ್ರೆಯ ಚೀಲ ಅವಳ ಕೈಯಲ್ಲಿತ್ತು. ಮಾತ್ರೆಗಳನ್ನು ಟ್ರೇ ಮೇಲೆ ಹರಡಿಕೊಂಡು ಎಣಿಸಿದ್ದಳು. "ಸಾರ್, ಬಿಳೀದು ತುಂಬಾ ಉಳಿದಿದೆ. ಮೊದಲ ತಿಂಗಳಿಂದು ಸರಿಯಾಗಿ ಮುಗಿದಿದೆ. ಆಮೇಲೆ ಒಂದೇ ಒಂದು ಮಾತ್ರೆ ತಗೊಂಡಿದ್ದಾರೆ. ಕಿತ್ತಳೆ ಪೂರ್ತಿ ಖಾಲಿ. ಹೊಟ್ಟೇದು ಎರಡು ವಾರದ ಹಿಂದೇನೇ ಮುಗಿದಿದೆಯಂತೆ. ಡಾಕ್ಟರಿಗೆ ಹೇಳ್ಬಿಟ್ಟೆ ಸಾರ್."

ಅವಳು ನನ್ನನ್ನು ಕೇಳದೆ ಡಾಕ್ಟರಿಗೆ ಹೇಳಿದ್ದು ಅಕ್ಕನ ಪುಣ್ಯ. ಐದೇ ನಿಮಿಷದಲ್ಲಿ ಡಾಕ್ಟರು ಬಂದು ಸ್ಟೆರಾಯ್ಡ್ ಇಂಜೆಕ್ಷನ್ ಕೊಡಿಸಿದರು. ಸಂಜೆಯ ಹೊತ್ತಿಗೆ ಅಕ್ಕನ ಮುಖಕ್ಕೆ ಬಣ್ಣ ಬಂತು, ಬಿಪಿ ಏರಿತು. ಅಲ್ಲಿಯವರೆಗೆ ನಾನು ಏನು ಅನುಭವಿಸಿದೆ ಎಂಬುದನ್ನು ಹಾಸ್ಯವಾಗಿ ಹೇಳಲು ನನಗೆ ಬರುವುದಿಲ್ಲ. ಭಯವಾಗಿತ್ತು.

ಭಯ ಇಳಿಯುತ್ತಿದ್ದಂತೆ, ನನ್ನಂಥವರ ರೂಢಿಯಂತೆ, ಸಿಟ್ಟು ಏರಿತು.

"ಯಾಕಕ್ಕ ಮಾತ್ರೆ ಬಿಟ್ಟೆ? ಅಷ್ಟು ಸ್ಪಷ್ಟವಾಗಿ ಬರ್ದಿದ್ನಲ್ಲ!"

"ಬರ್ದಿದ್ದಕ್ಕೇ ಬಿಟ್ಟಿದ್ದಪ್ಪ" ಎಂದಳು ಅಕ್ಕ. "ಮೊದಲ ತಿಂಗಳು ದಿನಕ್ಕೆ ಎರಡು. ತಗೊಂಡೆ. ಆಮೇಲೆ ಒಂದು. ತಗೊಂಡೆ. ಚಾಲು ಅಂತ ಬರ್ದಿದ್ದೆ. ಬಿಟ್ಟೆ. ಆಮೇಲೆ ಕೈ ಮತ್ತೆ ಉರಿಯಕ್ಕೆ ಶುರುವಾಯ್ತು. ತಡೆಯಕ್ಕಾಗ್ದಿದ್ರೆ ಕಿತ್ತಳೇದು ಅಂತ ಬರ್ದಿದ್ದೆ. ತಡೆಯಕ್ಕಾಗ್ಲಿಲ್ಲ. ದಿನಾ ತಗೊಂಡೆ."

"ಊಟ ಆದ್ಮೇಲೆ ತಾನೇ?"

"ಹಂಗಂತ ನೀನು ಬರ್ದಿರ್ಲಿಲ್ಲ."

ನಿಜ. ಕಿತ್ತಳೆ ಸಾಲಿನಲ್ಲಿ ಅದನ್ನು ಬರೆಯುವುದೇ ಬಿಟ್ಟುಹೋಗಿತ್ತು. ಚಂದ್ರನ ಚಿತ್ರಕ್ಕೆ ಜಾಗ ಬೇಕಾಗಿತ್ತು!

ಸುಜಾತ ಮೆಲ್ಲಗೆ ನನ್ನ ತೋಳು ಹಿಡಿದಳು. "ರೀ, ನಾನು ಮದ್ವೆಯಾಗಿ ಬಂದ ಮೊದಲ್ನೇ ದಿನ ನೆನಪಿದೆಯಾ? ನಿಮ್ಮಮ್ಮಂಗೆ ಅನ್ನ ಬಡಿಸ್ತಿದ್ದೆ. 'ಚಾಲು' ಅಂದ್ರು. ನಮ್ಮ ತುಮಕೂರು ಕಡೆ ಚಾಲು ಅಂದ್ರೆ ನಡೀಲಿ ಅಂತ. ಇನ್ನೊಂದು ಸೌಟು ಹಾಕ್ದೆ. 'ಚಾಲು ಚಾಲು' ಅಂದ್ರು. ಪಾಪ ಎಷ್ಟು ಹಸಿದಿದ್ದಾರೋ ಅಂತ ಮತ್ತೆರಡು ಹಾಕ್ದೆ. ಕೊನೆಗೆ ಎಲೆ ಮೇಲೆ ಕೈ ಅಡ್ಡ ಇಟ್ಕೊಂಡ್ರು. ನಿಮ್ಮ ಮನೇಲಿ ಚಾಲು ಅಂದ್ರೆ ಸಾಕು ಅಂತ ನನಗೆ ಆವತ್ತು ಗೊತ್ತಾಯ್ತು."

ನಮ್ಮ ಮನೆಮಾತು ತೆಲುಗು. ಓದುಬರಹವೆಲ್ಲ ಕನ್ನಡ. ತೆಲುಗಿನಲ್ಲಿ ಚಾಲು ಎಂದರೆ ಸಾಕು, ಮುಗಿಯಿತು. ಊಟಕ್ಕೆ ಕೂತಾಗಲೆಲ್ಲ ನಾನೇ ಆ ಪದವನ್ನು ಆ ಅರ್ಥದಲ್ಲಿ ಹೇಳುತ್ತೇನೆ. ಕೈಗೆ ಪೆನ್ನು ಬಂದ ಕೂಡಲೇ ಅದೇ ಪದಕ್ಕೆ ವಾರ್ಡಿನ ಅರ್ಥ ಬಂದುಬಿಡುತ್ತದೆ. ಅಕ್ಕ ನನ್ನ ಚೀಟಿಯನ್ನು ಅವಳ ತಮ್ಮ ಬರೆದದ್ದು ಎಂದು ಓದಿದ್ದಳು. ನಾನು ಅದನ್ನು ಏಳನೇ ಬೆಡ್ಡಿಗೆ ಬರೆದಿದ್ದೆ. 'ಆಮೇಲೆ ಒಂದು. ಚಾಲು.' ಒಂದು ಸಾಕು! ಅವಳು ಓದಿದ್ದರಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ.

ಆಗ ಡಾಕ್ಟರು ಮತ್ತೆ ಬಂದರು. ಮೇಘನಾ ಹಿಂದೆಯೇ ಕೇಸ್ ಶೀಟು ಹಿಡಿದು ನಿಂತಳು. ಡಾಕ್ಟರು ಬೇಸರದಿಂದ ಕೇಳಿದರು. "ಮಾತ್ರೆ ಯಾಕಮ್ಮ ನಿಲ್ಲಿಸಿದ್ರಿ? ಯಾರಾದ್ರೂ ನಿಲ್ಲಿಸಿ ಅಂದ್ರಾ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು.

"ಯಾರೂ ಹೇಳಿಲ್ಲ ಸಾರ್. ನನ್ತಮ್ಮ ಎಲ್ಲಾ ಸರಿಯಾಗೇ ಬರ್ಕೊಟ್ಟಿದ್ದ. ನನಗೆ ಓದಕ್ಕೆ ಬರಲ್ಲ, ಅದಕ್ಕೇ ಹಿಂಗಾಯ್ತು."

ಓದಲು ಬರುವುದಿಲ್ಲವಂತೆ! ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವಳು. ಬೋಂಡ ಕಟ್ಟಿಕೊಟ್ಟ ಪೇಪರನ್ನೂ ಎಣ್ಣೆ ಒರೆಸಿ ಓದುವವಳು. ನನಗೆ ಅ ಆ ಇ ಈ ತಿದ್ದಿಸಿದ್ದೇ ಅವಳು, ಹೊಸ್ತಿಲ ಮುಂದೆ ಮಣ್ಣು ಹರಡಿಕೊಂಡು, ನನ್ನ ಬೆರಳನ್ನು ತನ್ನ ಬೆರಳಲ್ಲಿ ಹಿಡಿದುಕೊಂಡು. ತಮ್ಮನ ಮರ್ಯಾದೆ ಉಳಿಯಲಿ ಎಂದು ಒಂದೇ ಉಸಿರಿಗೆ ಅದೆಲ್ಲವನ್ನೂ ಬಿಟ್ಟುಕೊಟ್ಟಳು.

ಮತ್ತೆ ನಾನು? ನಾನು ಸುಮ್ಮನಿದ್ದೆ. ಡಾಕ್ಟರು ತಲೆ ಆಡಿಸಿದರು. ನಾನೂ ಅವರ ಜೊತೆ ಸ್ವಲ್ಪ ಆಡಿಸಿದೆ. ಇಲ್ಲಿಯವರೆಗೆ ಹೇಳಿದ್ದೆಲ್ಲ ಎಡವಟ್ಟು. ಇದೊಂದು ಮಾತ್ರ ತಪ್ಪು.

ಮನೆಗೆ ಬಂದ ಮೇಲೆ ಸುಜಾತ ನನ್ನೊಬ್ಬನಿಗೇ ಬಡಿಸಿಟ್ಟು ಮಲಗಲು ಹೋದಳು. ಬೈದಿದ್ದರೆ ಊಟ ಸೇರುತ್ತಿತ್ತು.

ಮರುದಿನ ಬೆಳಗ್ಗೆ ವಿದ್ಯಾರ್ಥಿನಿಯರನ್ನು ಕರೆದುಕೊಂಡು ವಾರ್ಡಿನ ಸುತ್ತು ಹೊರಟೆ. ಅಕ್ಕ ಎದ್ದು ಕೂತು ಇಡ್ಲಿ ತಿನ್ನುತ್ತಿದ್ದಳು. ಲೋಟವನ್ನು ಇನ್ನೂ ಎರಡು ಕೈಯಲ್ಲೇ ಹಿಡಿದಿದ್ದಳು. ಮಂಚದ ಸುತ್ತ ಎಂಟು ಜನ ನಿಂತರು. ಮೇಘನಾ ತಾನು ಬರೆದದ್ದನ್ನು ಓದತೊಡಗಿದಳು.

"ರೋಗಿಯ ಹೆಸರು ನಾರಾಯಣಮ್ಮ. ವೃತ್ತಿ ರೇಷ್ಮೆ ಸಾಕಣೆ. ವಿದ್ಯಾಭ್ಯಾಸ ಇಲ್ಲ, ಅನಕ್ಷರಸ್ಥೆ. ಮಾತ್ರೆ ತಪ್ಪಿದ್ದಕ್ಕೆ ಕಾರಣ, ರೋಗಿಯ ಅಜ್ಞಾನ."

ಅಕ್ಕ ಇಡ್ಲಿ ಅಗಿಯುವುದನ್ನು ನಿಲ್ಲಿಸಿದಳು. ನನ್ನ ಕಡೆ ನೋಡಲಿಲ್ಲ. ಚಟ್ನಿಯನ್ನು ಬೆರಳಿನಿಂದ ಸುಮ್ಮನೆ ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು. ಆ ಕೇಸ್ ಶೀಟಿಗೆ ನಾನು ಸಹಿ ಹಾಕಬೇಕಾಗಿತ್ತು. ಹಾಕಿದರೆ ಅಲ್ಲಿಗೆ ಮುಗಿಯಿತು, ನನ್ನ ಅಕ್ಕ ಅಜ್ಞಾನಿ ಎಂದು ನಾನೇ ರುಜು ಹಾಕಿಕೊಟ್ಟಂತೆ.

ಪೆನ್ನು ತೆಗೆದೆ. 'ಇಲ್ಲ, ಅನಕ್ಷರಸ್ಥೆ' ಎಂಬುದನ್ನು ಹೊಡೆದುಹಾಕಿ, 'ಏಳನೇ ತರಗತಿ, ಕನ್ನಡವನ್ನು ಚೆನ್ನಾಗಿ ಓದುತ್ತಾರೆ' ಎಂದು ಬರೆದೆ.

ಮೇಘನಾ ಗಾಬರಿಯಾದಳು. "ಮತ್ತೆ ಕಾರಣ ಏನಂತ ಬರೀಲಿ ಸಾರ್?"

"ಬರ್ಕೋ. ಚೀಟಿ ಬರೆದ ವ್ಯಕ್ತಿಯ ಅಜ್ಞಾನ. ಬರೆದಿದ್ದು ಒಂದು, ರೋಗಿಯ ಭಾಷೇಲಿ ಅದರ ಅರ್ಥ ಇನ್ನೊಂದು. ವಾಪಸ್ ಹೇಳ್ಸಿ ನೋಡ್ಲಿಲ್ಲ. ಡಾಕ್ಟರು ಕೇಳಿದಾಗ ಸುಳ್ಳು ಮಾಹಿತಿ ಕೊಟ್ಟ. ಅವರಿಗೂ ನಾನೇ ಹೋಗಿ ಹೇಳ್ತೀನಿ."

"ಬ್ಯಾಡ ಬಿಡೋ" ಎಂದಳು ಅಕ್ಕ, ಇಡ್ಲಿ ತಟ್ಟೆಯನ್ನೇ ನೋಡುತ್ತ. ಅವಳ ಕಣ್ಣು ತುಂಬಿತ್ತು. ನನ್ನದನ್ನು ನಾನು ನೋಡಿಕೊಳ್ಳಲಿಲ್ಲ.

ಮೇಘನಾ ಎಲ್ಲವನ್ನೂ ಬರೆದುಕೊಂಡು, ಗೆರೆ ಎಳೆದು, ತಲೆ ಎತ್ತಿದಳು. "ಹಾಗಾದ್ರೆ ಸಾರ್, ಆ ವ್ಯಕ್ತೀನ ಕರೆಸಿ ತಿಳಿವಳಿಕೆ ಕೊಡ್ಬೇಕು ಅಲ್ವಾ?"

"ಕೊಡ್ಬೇಕಮ್ಮ. ಈಗ್ಲೇ ಕೊಡು. ಆ ವ್ಯಕ್ತಿ ನಾನೇ."

ಮೇಘನಾ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಮಾಡುವ ಆ ಹುಡುಗಿ, ಹೊಸ ಹಾಳೆ ತಿರುಗಿಸಿ, ಸ್ಟೂಲನ್ನು ನನ್ನ ಕಡೆ ಸರಿಸಿ ಕೂರಿಸಿ, ಬಹಳ ಮೃದುವಾಗಿ ಮೊದಲನೆಯ ಪ್ರಶ್ನೆ ಕೇಳಿದಳು.

"ನಿಮಗೆ ಓದೋಕೆ ಬರೆಯೋಕೆ ಬರುತ್ತಾ ಸಾರ್?"

ಅಕ್ಕ ನಕ್ಕ ರಭಸಕ್ಕೆ ಡ್ರಿಪ್ಪಿನ ಕೊಳವೆ ಅಲ್ಲಾಡಿತು.

"ಓದೋಕೆ ಬರುತ್ತಮ್ಮ" ಎಂದೆ. "ಬರೆಯೋದನ್ನ ಕಲೀತಿದ್ದೀನಿ."